ಮಾತ್ರೆಗೆ ಹೋಗದ ತೀಟೆ

ಉಮುಓಲು,
ಸೆಪ್ಟೆಂಬರ್ 14, 1999
ಪವಿತ್ರ ಶಿಲುಬೆಯ ಹಬ್ಬ

ಉರುವಾಕು,

ಹೇಗಿದ್ದೀಯ ಅಂತ ಕೇಳುವುದು ಪತ್ರದ ಮರ್ಯಾದೆ, ಕೇಳಿದ್ದೇನೆ. ನಿನ್ನ ಗಂಡನ ಸಕ್ಕರೆ ಕಾಯಿಲೆ ಹೇಗಿದೆ, ಅಬಾದಲ್ಲಿ ಮಳೆನೀರು ಈ ಸಲವೂ ಅಂಗಡಿಯೊಳಗೆ ನುಗ್ಗಿತಾ, ಅದನ್ನೂ ಕೇಳಿದ್ದೇನೆ ಅಂದುಕೋ. ಜುಲೈಯಲ್ಲಿ ನೀನು ಕಳಿಸಿದ ಬಟ್ಟೆ ಮತ್ತು ಚೀಟಿ ತಲುಪಿ ಎರಡು ತಿಂಗಳಾಯಿತು. ಉತ್ತರ ಬರೆಯದೆ ತಡ ಮಾಡಿದ್ದು ತಪ್ಪು, ಒಪ್ಪಿಕೊಂಡೆ. ಈ ಪತ್ರದಲ್ಲಿ ನಾನು ಒಪ್ಪಿಕೊಳ್ಳಬೇಕಾದ ತಪ್ಪು ಇನ್ನೂ ಒಂದಿದೆ, ಅದು ಬಂದಾಗ ಹೇಳುತ್ತೇನೆ. ಉಳಿದದ್ದೆಲ್ಲ ನಿನ್ನದು.

ಮೂರು ಸಲ ಬರೆಯಲು ಕೂತೆ, ಮೂರು ಸಲವೂ ಕಾಗದ ಒಲೆಗೆ ಹೋಯಿತು. ಕೊನೆಗೆ ಹೋದ ಶನಿವಾರ ಪಾಪನಿವೇದನೆಗೆ ಹೋಗಿ, "ಫಾದರ್, ಒಬ್ಬಳ ಮೇಲೆ ತುಂಬಾ ಸಿಟ್ಟಿದೆ" ಅಂದೆ. "ಅವಳಿಗೆ ಹೇಳಿದ್ದೀಯಾ?" ಅಂದರು. "ಇಲ್ಲ" ಅಂದೆ. "ಮತ್ತೆ ನನಗ್ಯಾಕೆ ಹೇಳ್ತೀಯ? ಮೊದಲು ಅವಳಿಗೆ ಹೇಳು, ಮಿಕ್ಕಿದ್ದು ಇಲ್ಲಿಗೆ ತಗೊಂಡು ಬಾ" ಅಂದರು. ಅದಕ್ಕೇ ಬರೆಯುತ್ತಿದ್ದೇನೆ. ಇದು ನನ್ನ ಪ್ರಾಯಶ್ಚಿತ್ತ. ನಿನ್ನದನ್ನು ನೀನು ನೋಡಿಕೋ.

ಮೊದಲಿನಿಂದ ಹೇಳುತ್ತೇನೆ. ಅದು ಗೊತ್ತಿರಲಿಲ್ಲ, ಇದು ಗೊತ್ತಿರಲಿಲ್ಲ ಅಂತ ಆಮೇಲೆ ನೀನು ಜಾರಿಕೊಳ್ಳಬಾರದು.

ಜುಲೈ ಮೊದಲ ವಾರ ಲಿವಿನಸ್‌ನ ಮನೆಯವರು ಹೆಣ್ಣು ಕೇಳಲು ಕೋಲಾ ಕಾಯಿ, ಹೆಂಡದ ಗಡಿಗೆ ಹಿಡಿದುಕೊಂಡು ನಮ್ಮ ಬಾಗಿಲು ತಟ್ಟಿದರು. ಹುಡುಗ ಒಕಿಗ್ವೆ ಪೇಟೆಯಲ್ಲಿ ಮೋಟರ್‌ಸೈಕಲ್ ಬಿಡಿಭಾಗ ಮಾರುತ್ತಾನೆ. ಗಿಡ್ಡ, ನಗುಮುಖ, ಭಾನುವಾರ ಪೂಜೆ ತಪ್ಪಿಸುವುದಿಲ್ಲ. ಅಪ್ಪ ಇಲ್ಲ, ಅಪ್ಪನ ತಂಗಿ ಯೂಕೇರಿಯಾಳೇ ಆ ಮನೆಗೆ ಹಿರಿಯಳು. ಉಲೋಮಾ ಕೋಲಾ ತಟ್ಟೆಯನ್ನು ಹಿರಿಯರ ಮುಂದೆ ಇಡುವ ಬದಲು ನೇರ ಅವನ ಮುಂದೆ ತಂದಿಟ್ಟಳು. ನನ್ನ ಮಗಳು ಕ್ರಮ ತಪ್ಪಿದ್ದನ್ನು ಇಪ್ಪತ್ತನಾಲ್ಕು ವರ್ಷದಲ್ಲಿ ನಾನು ಕಂಡದ್ದು ಅವತ್ತೇ. ಅವನು ಅವಳಿಗೆ ಎಷ್ಟು ಬೇಕಾಗಿದ್ದಾನೆ ಅಂತ ಆಗ ತಿಳಿಯಿತು.

ಬಾಗಿಲು ತಟ್ಟಿದ ಮೇಲೆ ವಿಚಾರಣೆ ತಾನೆ. ಆ ಮನೆಯಲ್ಲಿ ಹುಚ್ಚಿದೆಯಾ, ಕಳ್ಳತನವಿದೆಯಾ, ಕೆಟ್ಟ ಕಾಯಿಲೆ ಇದೆಯಾ, ಹುಡುಗಿಯ ನಡತೆ ಹೇಗೆ ಅಂತ ಗಂಡಿನ ಕಡೆಯವರು ಗುಟ್ಟಾಗಿ ಕೇಳಿಕೊಂಡು ಬರುತ್ತಾರೆ. ಯಾರನ್ನು ಕೇಳುತ್ತಾರೆ ಅಂತ ಹೆಣ್ಣಿನ ಮನೆಯವರಿಗೆ ತಿಳಿಯಬಾರದು, ಅವರಾಗಿ ಯಾರ ಹೆಸರನ್ನೂ ಸೂಚಿಸಲೂಬಾರದು. ನಾನು ಸೂಚಿಸಿದೆ. ನನ್ನ ಎರಡನೆಯ ತಪ್ಪು ಇದೇ. ಯೂಕೇರಿಯಾಳನ್ನು ಕಳಿಸಿಕೊಡಲು ಅಂಗಳದವರೆಗೆ ಹೋಗಿ, ಎದೆಯುಬ್ಬಿಸಿಕೊಂಡು ಹೇಳಿದೆ: "ಊರಲ್ಲಿ ಯಾರನ್ನು ಬೇಕಾದ್ರೂ ಕೇಳ್ಕೋ ತಾಯಿ. ಆದ್ರೆ ನನ್ನ ಮನೆಯ ಒಳಗಿನ ಒಳಗು ತಿಳೀಬೇಕು ಅಂದ್ರೆ ಅಬಾಕ್ಕೆ ಹೋಗು. ಅಲ್ಲಿ ಬಟ್ಟೆ ಅಂಗಡಿ ಇಟ್ಟಿರೋ ಉರುವಾಕುನ ಕೇಳು. ನಾವಿಬ್ರೂ ಒಂದೇ ತವರೂರಿನ ಹುಡುಗೀರು, ಒಂದೇ ವರ್ಷ ಈ ಊರಿಗೆ ಸೊಸೆಯರಾಗಿ ಬಂದೋರು. ದೀಕ್ಷಾಸ್ನಾನದ ದಿನ ಈ ಮಗೂನ ಎತ್ಕೊಂಡು ನಿಂತಿದ್ದೋಳು ಅವಳೇ."

ಜಂಬ. ಅದಕ್ಕೆ ದೇವರು ಕೊಟ್ಟ ಪೆಟ್ಟು ಅಂತಲೇ ಇಟ್ಟುಕೊಂಡಿದ್ದೇನೆ. ಆದರೆ ಆ ಪೆಟ್ಟಿಗೆ ದೇವರು ನಿನ್ನ ಬಾಯಿಯನ್ನೇ ಆರಿಸಿಕೊಳ್ಳಬೇಕಾಗಿತ್ತೇ?

ಆಮೇಲೆ ಅವರ ಕಡೆಯಿಂದ ಸದ್ದಿಲ್ಲ. ಎಂಟು ದಿನಕ್ಕೊಮ್ಮೆ ಬರುವ ದೊಡ್ಡ ಎಕೆ ಸಂತೆ ಏಳು ಕಳೆದವು. ಈ ನಡುವೆ ನಿನ್ನ ಬಟ್ಟೆ ಬಂತು, ನೀಲಿಯ ಮೇಲೆ ಹಳದಿ ಹೂವಿನದು. "ಮದುವೆಗೆ ಉಟ್ಟುಕೊಳ್ಳಲಿ" ಅಂತ ಚೀಟಿ. ನಾನು ಪೆದ್ದಿ, ಅದನ್ನು ಉಲೋಮಾಳ ಹೆಗಲ ಮೇಲೆ ಹಾಕಿ ನೋಡಿ ಸಂತೋಷಪಟ್ಟೆ. ನೀನು ಅದನ್ನು ಕಟ್ಟಿ ಬಸ್ಸಿಗೆ ಕೊಟ್ಟದ್ದು ಯೂಕೇರಿಯಾ ನಿನ್ನ ಅಂಗಡಿಗೆ ಬರುವ ಮೊದಲೋ ಆಮೇಲೋ? ಅದೊಂದು ನನಗೆ ಗೊತ್ತಾಗಬೇಕು. ಮೊದಲಾದರೆ ನೀನು ಬರಿ ಚಂಚಲೆ. ಆಮೇಲಾದರೆ ನೀನು ಏನು ಅಂತ ಬರೆಯಲು ನಮ್ಮ ಶಾಲೆಯಲ್ಲಿ ಕಲಿಸಲಿಲ್ಲ.

ಪಟ್ಟಣಕ್ಕೆ ಹೋದ ಸೊಸೆಯರೆಲ್ಲ ಆಗಸ್ಟ್ ಸಭೆಗೆ ಊರಿಗೆ ಬಂದರು, ನೀನೊಬ್ಬಳೇ ಬರಲಿಲ್ಲ. ನಿನ್ನ ಗಂಡನಿಗೆ ಹುಷಾರಿಲ್ಲ ಅಂತ ಹೇಳಿಕಳಿಸಿದೆ. ನಾವು ಅವನ ಹೆಸರಿನಲ್ಲಿ ಜಪಸರದ ಐದೂ ರಹಸ್ಯ ಹೇಳಿದೆವು. ಅದೂ ದಂಡ.

ಆಗಸ್ಟ್ ಕೊನೆಯಲ್ಲಿ ಸಂತೆಯಲ್ಲಿ ಯೂಕೇರಿಯಾ ಸಿಕ್ಕಳು. ಅವಳು ಹುದುಗು ಬರಿಸಿದ ಎಣ್ಣೆಬೀಜ ಮಾರುತ್ತಾಳೆ, ಎಲೆಯಲ್ಲಿ ಪೊಟ್ಟಣ ಕಟ್ಟುತ್ತಿದ್ದಳು. ನನ್ನನ್ನು ಕಂಡವಳೇ ತಲೆ ತಗ್ಗಿಸಿದಳು. ನಾನು ಅವಳೆದುರು ಕುಕ್ಕರಗಾಲಲ್ಲಿ ಕೂತೆ.

"ಯೂಕೇರಿಯಾ, ಹೆಂಡದ ಗಡಿಗೆ ನಮ್ಮನೇಲೇ ಇದೆ. ತಗೊಂಡು ಹೋಗ್ತೀರೋ, ಇನ್ನೊಂದು ತರ್ತೀರೋ?"

"ಅಕ್ಕಾ, ಕೇಳಬೇಡ. ಕೇಳಿದೋರ ಬಾಯಿ ಕಟ್ಟಿರಬೇಕು. ಅದು ಪದ್ಧತಿ."

"ಪದ್ಧತಿ ನಾನು ಆಗ್ಲೇ ಮುರಿದಿದ್ದೀನಿ. ನೀನೂ ಅರ್ಧ ಮುರಿ."

ಅವಳು ಕೈಲಿದ್ದ ಪೊಟ್ಟಣ ಕಟ್ಟಿ ಬದಿಗಿಟ್ಟಳು. ಆಮೇಲೆ ಹೇಳಿದಳು. "ಹುಡುಗಿಗೆ ಒಕೊ ಇದೆ ಅಂದ್ಲು ನಿನ್ನ ಗೆಳತಿ. ತೀಟೆ. ನಾನಂದೆ, ಅಯ್ಯೋ ಹೊಳೆ ದಡದಲ್ಲಿರೋರಿಗೆಲ್ಲ ಇರತ್ತೆ ಬಿಡು, ನಮ್ಮನೇಲೂ ನಾಲ್ಕು ಜನ ಗೋಡೆಗೆ ಬೆನ್ನು ಉಜ್ಜತಾರೆ ಅಂತ. ಅದಕ್ಕೆ ಅವಳು ನಕ್ಕಳು. 'ಮೈಮೇಲಿನದು ಮಾತ್ರೆಗೆ ಹೋಗತ್ತೆ ಯೂಕೇರಿಯಾ. ನಾನು ಹೇಳ್ತಿರೋದು ಮಾತ್ರೆಗೆ ಹೋಗದ್ದು. ಊರಿನ ಗಂಡಸರನ್ನೆಲ್ಲ ಗೋಡೆಗೆ ಆನಿಸಿ ನಿಲ್ಲಿಸಿ ಕೋಲು ಹಿಡಿದು ಅಳೀತಾಳಲ್ಲ, ಇನ್ನೇನು ಬೇಕು ನಿಂಗೆ? ತಾಯೀದೂ ಹಾಗೇ ಇತ್ತು' ಅಂದ್ಲು."

ಇಷ್ಟು ಹೇಳಿ ಯೂಕೇರಿಯಾ ನನ್ನ ಕೈಗೆ ಒಂದು ಪೊಟ್ಟಣ ತುರುಕಿದಳು, ಹೆಣದ ಮನೆಯಲ್ಲಿ ಕೈಗೆ ಏನಾದರೂ ತುರುಕುತ್ತಾರಲ್ಲ, ಹಾಗೆ. ನಾನು ಅದನ್ನು ಅವಳ ಬುಟ್ಟಿಗೇ ಹಾಕಿ ಎದ್ದು ಬಂದೆ.

ಉರುವಾಕು, ಆ ಪದ ನಿನಗೆ ಕಲಿಸಿದ್ದು ಯಾರು, ನೆನಪಿದೆಯಾ? ನಿನ್ನ ಅಜ್ಜಿ. ನಾವಿಬ್ಬರೂ ಅವಳ ಹಿತ್ತಲಲ್ಲಿ ಕೆಸವಿನ ಗಡ್ಡೆ ಸುಲಿಯುತ್ತಿದ್ದೆವು, ನಿನಗೆ ಒಂಬತ್ತು ಇರಬೇಕು. ಮೊಣಕೈತನಕ ತೀಟೆ ಏರಿ ಇಬ್ಬರೂ ಕುಣಿಯುತ್ತಿದ್ದೆವು. ಅಜ್ಜಿ ತಾಳೆಎಣ್ಣೆ ಹಚ್ಚುತ್ತಾ ಹೇಳಿದಳು: ಈ ಪದ ಮನುಷ್ಯರದಲ್ಲ, ನೆಲದ್ದು. ಮೊದಲ ಸಲ ಗುದ್ದಲಿ ನೆಲವನ್ನು ಕೆರೆದಾಗ ನೆಲ "ಕೊ" ಅಂತಂತೆ. ಅದಕ್ಕೇ ನಮ್ಮ ಮಾತಿನಲ್ಲಿ ಹೊಲ ಕೆರೆಯುವುದಕ್ಕೂ, ಉಗುರಿನಿಂದ ಮೈ ಕೆರೆಯುವುದಕ್ಕೂ, ಕೂತು ಕಥೆ ಹೇಳುವುದಕ್ಕೂ ಅದೇ ಸದ್ದು ಬಂತಂತೆ. ನಿಜವೋ ಸುಳ್ಳೋ, ಅಜ್ಜಿ ಹೇಳಿದಳು, ನಾವು ನಂಬಿದೆವು. ನೀನು ಆಮೇಲೆ ಒಂದು ವಾರ ನೆಲಕ್ಕೆ ಕಿವಿ ಇಟ್ಟುಕೊಂಡು ಓಡಾಡಿದೆ.

ಎಷ್ಟು ಕಡೆ ಬಳಸುತ್ತೇವೆ ಅದನ್ನು! ಪೆಟ್ಟು ತಿನ್ನಲೆಂದೇ ಕೀಟಲೆ ಮಾಡುವ ಮಗುವಿಗೆ ಬೆನ್ನು ತೀಟೆಯೇನೋ ಅನ್ನುತ್ತೇವೆ. ಕಂಡವರ ಬುಟ್ಟಿಗೆ ಕೈ ಹಾಕುವವನಿಗೆ ಕೈ ತೀಟೆ. ಒಂದು ಊರಲ್ಲಿ ನಿಲ್ಲಲಾರದೆ ಲಾಗೋಸು, ಕಾನೋ ಅಂತ ಅಲೆಯುವವನಿಗೆ ಕಾಲು ತೀಟೆ. ಯುದ್ಧ ಮುಗಿದು ನಾವು ಕಾಡಿನಿಂದ ವಾಪಸು ಬಂದಾಗ ಇಡೀ ಊರಿಗೇ ತೀಟೆ, ಮಕ್ಕಳ ಬೆರಳಸಂದಿಯಲ್ಲೆಲ್ಲ ಹುಣ್ಣು, ಆಗ ಅದಕ್ಕೆ ಬೇರೆ ಯಾವ ಅರ್ಥವೂ ಇರಲಿಲ್ಲ. ಇಷ್ಟೊಂದರಲ್ಲಿ ನನ್ನ ಮಗಳಿಗೆ ನೀನು ಆರಿಸಿದ್ದು ಹೆಣ್ಣಿನ ಮೈಮೇಲೆ ಎಸೆಯುವ ಅರ್ಥವೊಂದನ್ನೇ. ಯೂಕೇರಿಯಾ ಒಳ್ಳೆಯ ಅರ್ಥ ಹಿಡಿದುಕೊಂಡು ಎದ್ದು ಬರುತ್ತಿದ್ದಳು, ನೀನು ಅವಳನ್ನು ಕೂರಿಸಿ ತಿದ್ದಿ ಕಳಿಸಿದೆ. ನಿನಗಿರುವುದು ಯಾವ ತೀಟೆ ಅಂತ ನಾನು ಹೇಳಬೇಕಾಗಿಲ್ಲ, ಅದು ನಿನ್ನ ಹಲ್ಲಿನ ಹಿಂದೆ ಮಲಗಿದೆ.

ಈಗ ಅಳೆಯುವ ವಿಷಯ. ನೀನು ಹದಿನೈದು ವರ್ಷದಿಂದ ಅಬಾದಲ್ಲಿದ್ದೀಯ, ಆಗಸ್ಟಿನಲ್ಲಿ ಮೂರು ದಿನ ಬಂದು ಕುರ್ಚಿಯ ಮೇಲೆ ಕೂತು ಹೋಗುತ್ತೀಯ. ಇಲ್ಲಿ ಏನು ನಡೆಯುತ್ತದೆ ಅಂತ ತಿಳಿದುಕೋ. ಹೊಳೆಯ ಕರಿನೊಣ ಕಚ್ಚಿದರೆ ಮೈಯೊಳಗೆ ದಾರದಂಥ ಹುಳ ಸೇರುತ್ತದೆ, ಅದರ ಮರಿಗಳು ಚರ್ಮದಡಿ ಓಡಾಡುವುದೇ ಈ ತೀಟೆ, ಅವು ಕಣ್ಣಿಗೆ ಹೋದರೆ ಕುರುಡು ಅಂತ ನರ್ಸಮ್ಮ ಬಂದು ಹೇಳಿದಳು. ನಾವು ಸಣ್ಣವರಿದ್ದಾಗ ಮುದುಕರು ಕುರುಡಾಗುವುದು ತಲೆ ನರೆತಷ್ಟೇ ಸಹಜ ಅಂದುಕೊಂಡಿದ್ದೆವಲ್ಲ, ಅದಕ್ಕೆಲ್ಲ ಕಾರಣ ಇದು. ವರ್ಷಕ್ಕೊಂದು ಸಲ ಮಾತ್ರೆ ನುಂಗಬೇಕು. ತಕ್ಕಡಿ ಇಲ್ಲದಿರುವುದರಿಂದ ಎತ್ತರ ನೋಡಿ ಕೊಡುತ್ತಾರೆ. ಒಂದು ಕೋಲು, ಅದರ ಮೇಲೆ ನಾಲ್ಕು ಬಣ್ಣದ ಗೆರೆ. ಮೊದಲ ಗೆರೆಗೆ ಬಂದ ಮಗುವಿಗೆ ಒಂದು ಮಾತ್ರೆ, ಮೇಲಿನ ಗೆರೆ ದಾಟಿದ ಗಂಡಸಿಗೆ ನಾಲ್ಕು. ಮನೆ ಮನೆಗೆ ಹೋಗಿ ಕೊಟ್ಟು ಬರೆದುಕೊಳ್ಳಲು ಒಬ್ಬರು ಬೇಕು ಅಂದಾಗ ಊರಿನ ಗಂಡುಹುಡುಗರು ಸಂಬಳ ಎಷ್ಟು ಅಂತ ಕೇಳಿದರು. ಸಂಬಳ ಇಲ್ಲ ಅಂದಮೇಲೆ ಉಳಿದವಳು ಉಲೋಮಾ ಒಬ್ಬಳೇ.

ಆರು ವರ್ಷದಿಂದ ಮಾಡುತ್ತಿದ್ದಾಳೆ. ಮೊದಲ ವರ್ಷ ಮಾತ್ರೆ ನುಂಗಿದವರಿಗೆಲ್ಲ ಮೂರು ದಿನ ಮೈ ಉರಿದು ತೀಟೆ ಎದ್ದಿತು. ಹುಳ ಸಾಯುವಾಗ ಹಾಗಾಗುತ್ತದಂತೆ. ಊರಿಗೆ ಊರೇ ಮರಕ್ಕೆ, ಕಂಬಕ್ಕೆ, ಬಾಗಿಲ ಮೂಲೆಗೆ ಮೈ ಉಜ್ಜುತ್ತಾ ನನ್ನ ಮಗಳನ್ನು ಬೈಯಿತು. "ತೀಟೆ ಹಂಚೋ ಹುಡುಗಿ ಬಂದ್ಲು, ಬಾಗಿಲು ಹಾಕ್ರೋ" ಅನ್ನುತ್ತಿದ್ದರು. ಅವಳು ಬಾಗಿಲ ಹೊರಗೆ ನಿಂತು, "ಹಾಕ್ಕೊಳಿ ಮಾವಾ, ಮುಂದಿನ ವರ್ಷ ಬಾಗಿಲು ಎಲ್ಲಿದೆ ಅಂತ ತಡಕಾಡ್ಬೇಕಾಗತ್ತೆ, ಈಗ್ಲೇ ಅಭ್ಯಾಸ ಮಾಡ್ಕೊಳಿ" ಅನ್ನುತ್ತಿದ್ದಳು. ನಗುತ್ತಾ ಬಾಗಿಲು ತೆಗೆಯುತ್ತಿದ್ದರು. ಗಂಡಸರು, "ಸರಿಯಾಗಿ ಅಳೆಯಮ್ಮ, ಇನ್ನೊಂದ್ಸಲ ಅಳೆ, ಹತ್ರ ಬಂದು ಅಳೆ" ಅಂತ ಕಿಚಾಯಿಸಿದರೆ, ಕೋಲಿನ ತುದಿಯಿಂದ ಅವರ ತಲೆಗೆ ಒಂದು ಕೊಟ್ಟು ಮುಂದಿನ ಮನೆಗೆ ಹೋಗುತ್ತಿದ್ದಳು. ಆ ಕೋಲಿನಷ್ಟು ದೂರ ಅವಳಿಗೂ ಗಂಡಸರಿಗೂ ನಡುವೆ ಯಾವಾಗಲೂ ಇತ್ತು. ನೀನು ಅಬಾದಲ್ಲಿ ಕೂತು ಆ ದೂರವನ್ನು ಒಂದು ನಗುವಿನಲ್ಲಿ ಅಳಿಸಿಬಿಟ್ಟೆ.

ಸಂತೆಯಿಂದ ಬಂದು ನಾನು ಉಲೋಮಾಳಿಗೆ ಹೇಳಲಿಲ್ಲ. ಹೇಳಬೇಕಾಗಲಿಲ್ಲ, ಲಿವಿನಸ್ಸೇ ಬಂದ. ಮೋಟರ್‌ಸೈಕಲ್ಲನ್ನು ಗೇಟಿನಾಚೆಯೇ ನಿಲ್ಲಿಸಿ, ಟೊಪ್ಪಿಗೆ ಕೈಯಲ್ಲಿ ತಿರುಗಿಸುತ್ತಾ ನಿಂತ. ನಾನೇ ಅವನ ಪಕ್ಕಕ್ಕೆ ಹೋದೆ.

"ಅಮ್ಮಾ, ನನ್ನ ಕಡೆಯಿಂದ ಏನೂ ತೊಂದ್ರೆಯಿಲ್ಲ. ಮನೆಯ ಹಿರಿಯರು ಸ್ವಲ್ಪ ಹಿಂದೆಮುಂದೆ ನೋಡ್ತಿದ್ದಾರೆ. ಉಲೋಮಾ ಈ ಮಾತ್ರೆ ಕೆಲಸ ಬಿಟ್ಟು, ಒಂದು ವರ್ಷ ಮನೇಲಿ ಇದ್ದು, ಜನ ಮರೆತಮೇಲೆ..."

"ಏನು ಮರೀಬೇಕು ಜನ?" ಅಂದಳು ಉಲೋಮಾ, ಒಳಗಿನಿಂದ ಬಂದು.

ಅವನು ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ಅವಳಿಗೆ ತಿಳಿಯಿತು. ಅಳೆಯುವ ಕೋಲು ಬಾಗಿಲ ಹಿಂದೆಯೇ ಇತ್ತು, ತೆಗೆದುಕೊಂಡು ನೇರ ಗೇಟಿಗೆ ಬಂದಳು.

"ಕಂಬಕ್ಕೆ ಒರಗಿ ನಿಲ್ಲು."

"ಉಲೋಮಾ, ಜನ ನೋಡ್ತಾರೆ."

"ನೋಡ್ಲಿ. ನಿಲ್ಲು." ಅವನು ನಿಂತ, ದೇವರಾಣೆ, ಶಾಲೆಯ ಹುಡುಗನ ಹಾಗೆ ನಿಂತ. ಅವಳು ಕೋಲನ್ನು ಅವನ ಪಕ್ಕಕ್ಕೆ ಊರಿ, ಗೆರೆ ನೋಡಿ, ತಲೆಯಾಡಿಸಿದಳು. "ನಾಲ್ಕು ಮಾತ್ರೆಯ ಗಂಡಸು ಅಂದ್ಕೊಂಡಿದ್ದೆ ಲಿವಿನಸ್. ನೀನು ಎರಡು ಮಾತ್ರೆಯವನು. ಹೋಗು, ನಿಮ್ಮತ್ತೇನ ಕೇಳ್ಕೊಂಡು ಇನ್ನಷ್ಟು ಬೆಳೆದು ಬಾ."

ಪಕ್ಕದ ಮನೆಯ ಹೆಂಗಸರು ಬೇಲಿಯಾಚೆ ಬಿದ್ದುಬಿದ್ದು ನಕ್ಕರು. ನನಗೂ ನಗು ಬಂತು, ಸುಳ್ಳು ಹೇಳುವುದಿಲ್ಲ. ಅವನು ಹೋದ ಮೇಲೆ ಅವಳು ಕೋಲನ್ನು ಮಂಚದಡಿ ತಳ್ಳಿ, ಮಾತ್ರೆಯ ಡಬ್ಬಿಯನ್ನೂ ತಳ್ಳಿ, ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಎರಡು ದಿನ ಏಳಲಿಲ್ಲ. ಬ್ರೆಡ್‌ಫ್ರೂಟ್ ಗಂಜಿ ಅವಳಿಗೆ ಪ್ರಾಣ, ಮಾಡಿ ಇಟ್ಟರೆ ಮುಟ್ಟಲಿಲ್ಲ. ಮೂರನೆಯ ದಿನ ಎದ್ದು ಹೇಳಿದಳು: "ಅಮ್ಮಾ, ಡಬ್ಬೀನ ನರ್ಸಮ್ಮಂಗೆ ವಾಪಸ್ ಕೊಡ್ತೀನಿ. ಇನ್ಮೇಲೆ ಯಾರ ಬಾಗಿಲಿಗೂ ಹೋಗಲ್ಲ. ಯಾವ ಮನೆಯೊಳಗೆ ಹೋದ್ರೂ ಆ ಮನೆ ಹೆಂಗಸು ನನ್ನ ಕೈ ನೋಡ್ತಾಳೆ, ಎಲ್ಲಿ ಇಡ್ತೀನಿ ಅಂತ."

ಈ ವರ್ಷ ಹೊಳೆಯಂಚಿನ ಕೇರಿಗೆ ಇನ್ನೂ ಮಾತ್ರೆ ಹೋಗಿಲ್ಲ. ಅಕ್ಟೋಬರ್ ಮಧ್ಯಕ್ಕೆ ಡಬ್ಬಿ ವಾಪಸು ಹೋಗುತ್ತದೆ. ಹೋದರೆ ಅವಳ ಬಗ್ಗೆ ನೀನು ಹೇಳಿದ್ದು ನಿಜವಾಗಿತ್ತು ಅಂತಲೇ ಊರು ತಿಳಿಯುತ್ತದೆ. ಕೈ ಎಳೆದುಕೊಂಡಳು ಅಂದರೆ ಏನೋ ಇತ್ತು ಅಂತ ಅರ್ಥ ಮಾಡುವ ಜನ ನಾವು.

"ತಾಯೀದೂ ಹಾಗೇ ಇತ್ತು" ಅಂದೆಯಲ್ಲ. ಅದಕ್ಕೂ ಉತ್ತರ ಕೊಟ್ಟು ಮುಗಿಸುತ್ತೇನೆ. ಇಪ್ಪತ್ತು ವರ್ಷ ಬಾಯಿ ಮುಚ್ಚಿಕೊಂಡಿದ್ದೆ.

ಡೊನಾಟಸ್ ತೀರಿಕೊಂಡಾಗ ನನಗೆ ಮೂವತ್ತು. ಉಲೋಮಾಗೆ ನಾಲ್ಕು. ಊರಿನ ಹೆಣ್ಣುಮಕ್ಕಳು, ಕುಲದ ಅತ್ತಿಗೆ ನಾದಿನಿಯರು ಬಂದು ನನ್ನ ತಲೆ ಬೋಳಿಸಿ ನೆಲದ ಮೇಲೆ ಕೂರಿಸಿದರು. ಇಪ್ಪತ್ತೆಂಟು ದಿನ ಸ್ನಾನವಿಲ್ಲ. ವಿಧವೆಯ ಕೈ ಮೈಲಿಗೆ, ಆ ಕೈಯಿಂದ ತನ್ನ ಮೈಯನ್ನೇ ಮುಟ್ಟಬಾರದು ಅಂತ ಕೆರೆದುಕೊಳ್ಳಲು ಬೆರಳುದ್ದದ ಒಂದು ಕಡ್ಡಿ ಕೊಟ್ಟರು. ಹೊಳೆ ದಡದಲ್ಲಿ ಹುಟ್ಟಿ ಹೊಳೆ ದಡಕ್ಕೇ ಮದುವೆಯಾಗಿ ಬಂದವಳ ಮೈ ನನ್ನದು. ತೀಟೆ ಬೆನ್ನಿನಿಂದ ತೊಡೆಗೆ, ತೊಡೆಯಿಂದ ಕಣಕಾಲಿಗೆ ಓಡುತ್ತಿತ್ತು. ಎಂಟನೆಯ ದಿನ ಮಧ್ಯಾಹ್ನ ಕಡ್ಡಿ ಮುರಿಯಿತು. ನಾನು ಬೆರಳು ಹಾಕಿ ಕೆರೆದೆ, ತೊಡೆಯಿಂದ ರಕ್ತ ಬರುವವರೆಗೂ ಕೆರೆದೆ. ನಿನ್ನೆದುರಿಗೆ ಕೆರೆಯಲು ನಾಚಿಕೆ ಯಾಕೆ ಅಂದುಕೊಂಡೆ. ನನಗೆ ಗಂಜಿ ಕುಡಿಸಲು ಪಕ್ಕದಲ್ಲಿ ಕೂತಿದ್ದವಳು ನೀನೇ ಅಲ್ಲವೇ.

ನೀನು ಇನ್ನೊಂದು ಕಡ್ಡಿ ತಂದುಕೊಡಬಹುದಾಗಿತ್ತು. ಹಿತ್ತಲ ತುಂಬ ಕಡ್ಡಿ ಇತ್ತು. ಅದರ ಬದಲು ಬಾಗಿಲಲ್ಲಿ ಕೂತಿದ್ದ ನಾದಿನಿಯರ ಕಡೆ ತಿರುಗಿ ಅಂದೆ: "ಡೊನಾಟಸ್ ಮೇಲಿನ ಮಣ್ಣು ಇನ್ನೂ ಹಸಿ ಇದೆ. ಇವಳಿಗೆ ಆಗ್ಲೇ ತೀಟೆ ನೋಡಿ!"

ಅವರು ನಕ್ಕರು. ಹೆಣದ ಮನೆಯಲ್ಲಿ ನಗುವಂಥದ್ದು ಸಿಕ್ಕಿದರೆ ಜನ ಬಿಡುತ್ತಾರಾ? ಆಮೇಲೆ ನೀನು ನನ್ನ ಕಿವಿಯಲ್ಲಿ, "ತಮಾಷ್‌ಗೆ ಅಂದೆ ಕಣೇ, ಮನೆ ಹಗುರಾಗ್ಲಿ ಅಂತ" ಅಂದೆ. ಮನೆ ಹಗುರಾಯಿತು. ಮೈಲಿಗೆಯ ಕೈಯಿಂದ ಮೈ ಮುಟ್ಟಿಕೊಂಡದ್ದಕ್ಕೆ ನನ್ನ ನೆಲದ ವಾಸಕ್ಕೆ ಇನ್ನೂ ಏಳು ದಿನ ಸೇರಿಸಿದರು. ಆ ಮಾತು ಮಾತ್ರ ಏಳು ದಿನಕ್ಕೆ ಮುಗಿಯಲಿಲ್ಲ. ಮುಂದಿನ ಮಳೆಗಾಲ ಚಾವಣಿ ಸೋರಿದಾಗ ಒಬ್ಬ ಗಂಡಸೂ ಏಣಿ ಹಾಕಲಿಲ್ಲ. ಅವರ ಹೆಂಡತಿಯರು ಬಿಡಲಿಲ್ಲ. ನಾನೇ ಹತ್ತಿ ತಗಡು ಹೊಡೆದೆ. ನೀನು ಕೆಳಗೆ ನಿಂತು ಮೊಳೆ ಎತ್ತಿಕೊಟ್ಟೆ. ಅದನ್ನು ಮರೆತಿಲ್ಲ. ಅದಕ್ಕೇ ಇಷ್ಟು ವರ್ಷ ಗೆಳತಿ ಅಂದೆ.

ಈಗ ನಾನು ಕೇಳುವುದು ಒಂದೇ. ಅಕ್ಟೋಬರ್ ಮೊದಲ ಭಾನುವಾರ, ಪೂಜೆ ಮುಗಿದ ಮೇಲೆ ಹೆಂಗಸರ ಸಂಘ ಮಾವಿನ ಮರದಡಿ ಸೇರುತ್ತದೆ. ಯೂಕೇರಿಯಾಳಿಗೂ ಬರಲು ಹೇಳಿದ್ದೇನೆ. ನೀನು ಬಂದು ಎಲ್ಲರ ಮುಂದೆ ನಿಂತು, "ನಾನು ಹೇಳಿದ್ದು ಸುಳ್ಳು" ಅನ್ನಬೇಕು. ತಮಾಷೆಗೆ ಅಂದೆ ಅನ್ನಬೇಡ. ಬಾಯಿತಪ್ಪಿ ಬಂತು ಅನ್ನಬೇಡ. ನಿನ್ನ ಬಾಯಿ ತಪ್ಪುವಂಥದ್ದಲ್ಲ. ಸುಳ್ಳು ಅಂತಲೇ ಅನ್ನಬೇಕು. ಲಿವಿನಸ್ ಆಮೇಲೆ ಬಂದರೆ ಬರುತ್ತಾನೆ, ಬಿಟ್ಟರೆ ಬಿಡುತ್ತಾನೆ. ಅವನನ್ನು ಏನು ಮಾಡಬೇಕೋ ನನ್ನ ಮಗಳು ನೋಡಿಕೊಳ್ಳುತ್ತಾಳೆ. ಅವಳು ಡಬ್ಬಿ ಹಿಡಿದು ತಲೆಯೆತ್ತಿ ಹೊಳೆಯಂಚಿನ ಕೇರಿಗೆ ಹೋಗುವಂತಾಗಬೇಕು, ನನಗೆ ಅಷ್ಟೇ ಬೇಕು.

ಬರದಿದ್ದರೆ ಶಾಪ ಹಾಕುವುದಿಲ್ಲ. ಫಾದರ್ ಒಪ್ಪುವುದಿಲ್ಲ. ಆದರೆ ರಾತ್ರಿಯ ಜಪದಲ್ಲಿ ಡೊನಾಟಸ್‌ನ ಹೆಸರಾದ ಮೇಲೆ ನಿನ್ನ ಹೆಸರು ಹೇಳುತ್ತಿದ್ದೆ, ಹದಿನೆಂಟು ದಿನದಿಂದ ನಿಲ್ಲಿಸಿದ್ದೇನೆ, ಇನ್ನು ಯಾವತ್ತೂ ಹೇಳುವುದಿಲ್ಲ. ನಾನು ಸತ್ತರೆ ಅಳಲು ಬರಬೇಡ. ನಿನ್ನ ಬಟ್ಟೆಯನ್ನು ಈ ಪತ್ರದ ಜೊತೆ ವಾಪಸು ಕಳಿಸಿದ್ದೇನೆ, ಮಡಿಕೆ ಬಿಚ್ಚಿದ್ದು ಒಂದೇ ಸಲ, ಮಾರಬಹುದು.

ದೇವಮಾತೆ ನಿನ್ನ ಗಂಡನ ಕಾಲು ಕಾಯಲಿ, ನಿನ್ನ ಅಂಗಡಿಯನ್ನು ನೀರಿನಿಂದ ಕಾಯಲಿ. ನಿನ್ನ ನಾಲಿಗೆಯನ್ನು ಕಾಯುವುದು ಅವಳಿಗೂ ಕಷ್ಟ, ಆದರೂ ಕೇಳಿಕೊಂಡಿದ್ದೇನೆ.

ನಿನ್ನ ತವರಿನವಳು,
ಪೆಟ್ರೊನಿಲಾ

ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲು ಮನಸ್ಸಾಗಲಿಲ್ಲ: ಯೂಕೇರಿಯಾ ಸಂತೆಯಲ್ಲಿ ಇನ್ನೊಂದು ಮಾತು ಹೇಳಿದಳು. ಹೋದ ವರ್ಷದ ಆಗಸ್ಟ್ ಸಭೆಯಲ್ಲಿ ನೀನು ಇಗರ್ಜಿಯ ಮೆಟ್ಟಿಲ ಮೇಲೆ ನಿಂತು ಎರಡೂ ಕೈ ಚಾಚಿದೆಯಂತೆ. ನಾನು ಹತ್ತು ಹೆಜ್ಜೆ ದೂರದಿಂದ ನಿನ್ನನ್ನೇ ನೋಡಿ, ಮುಖ ತಿರುಗಿಸಿ, ಬೇರೆಯವರ ಕೈ ಹಿಡಿದೆನಂತೆ. ಪಟ್ಟಣದ ಸೊಸೆಯರೆಲ್ಲ ನೋಡಿದರಂತೆ. ಅವತ್ತಿನಿಂದ ನಿನ್ನ ಹೊಟ್ಟೆ ಉರಿಯುತ್ತಿದೆಯಂತೆ.

ನಾನು ನಿನ್ನನ್ನು ನೋಡಲಿಲ್ಲ, ಉರುವಾಕು.

ಉಲೋಮಾ ಪ್ರತಿ ವರ್ಷ ಮೊದಲು ನನ್ನನ್ನೇ ಗೋಡೆಗೆ ನಿಲ್ಲಿಸಿ ಅಳೆಯುತ್ತಾಳೆ. ಅಂಗೈಗೆ ಮೂರು ಮಾತ್ರೆ ಹಾಕಿ, ನೀರು ಕೊಟ್ಟು, ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಗುರುತು ಹಾಕುತ್ತಾಳೆ. ನಾನು ಪರಮಪ್ರಸಾದದ ಹಾಗೆ ಅವನ್ನು ನಾಲಿಗೆಯಡಿ ಇಟ್ಟುಕೊಂಡು, ಹಿತ್ತಲಿಗೆ ಹೋಗಿ ಉಗುಳುತ್ತೇನೆ. ಆರು ವರ್ಷವೂ ಉಗುಳಿದೆ. ನುಂಗಿದರೆ ಮೂರು ದಿನ ಜನರ ಮುಂದೆ ಕೆರೆದುಕೊಳ್ಳಬೇಕಲ್ಲ. ವಿಧವೆ ಕೆರೆದುಕೊಂಡರೆ ಏನನ್ನುತ್ತಾರೆ ಅಂತ ನೀನು ನನಗೆ ಒಂದು ಸಲ ಕೇಳಿಸಿದ್ದೆ, ಎರಡನೆಯ ಸಲ ಕೇಳುವ ಧೈರ್ಯ ನನಗಿರಲಿಲ್ಲ. ಊರಿಗೆಲ್ಲ ಮಾತ್ರೆ ನುಂಗಿಸಿದವಳ ತಾಯಿ ನಾನು. ಈ ಪಾಪವನ್ನು ಫಾದರ್‌ಗೂ ಹೇಳಿಲ್ಲ.

ಬಲಗಣ್ಣು ಹೋಗಿದೆ. ಎಡಗಣ್ಣಿಗೆ ಎದುರಿಗೆ ಹಿಡಿದ ಕಾಗದ, ಪಕ್ಕದಲ್ಲಿ ಕೂತವರ ಮುಖ ಕಾಣುತ್ತದೆ. ಅದರಾಚೆ ಎಲ್ಲ ಹೊಗೆ. ಮಗಳಿಗೆ ಗೊತ್ತಿಲ್ಲ. ಮನೆಯ ಪ್ರತಿ ಮೂಲೆಯೂ ನನಗೆ ಬಾಯಿಪಾಠ, ಗೊತ್ತಾಗದಂತೆ ಓಡಾಡುತ್ತೇನೆ.

ಅದಕ್ಕೇ ಹೇಳುವುದು. ನೀನು ಬರುವುದಾದರೆ, ಮಾವಿನ ಮರದಡಿ ದೂರದಲ್ಲಿ ನಿಂತು, ಪೆಟ್ರೊನಿಲಾ ತಾನಾಗಿ ಕರೆಯಲಿ ಅಂತ ಕಾಯಬೇಡ. ಹತ್ತಿರ ಬಾ, ಬಾಯಿಬಿಟ್ಟು ಹೆಸರು ಹೇಳು. ಇಲ್ಲದಿದ್ದರೆ ನೀನು ಬಂದಿರುವುದು ನನಗೆ ತಿಳಿಯುವುದೇ ಇಲ್ಲ.